ಮೂರೋ ಎಂಟೋ

ಮೂರ್ನಾಡು ರಸ್ತೆ, ಬೇಕರಿಯ ಮೇಲಿನ ಮಹಡಿ.
ರಂಶಾದ್ ಗಾಜಿನ ಡಬ್ಬಿಯೊಂದನ್ನು ಮೇಜಿಗೆ ತಂದಿಟ್ಟ,
ಒಳಗೆ ಏಳು ಬಣ್ಣ ಓಡಾಡುತ್ತಿದ್ದವು.
'ಬೋಜಕ್ಕ, ಈಗ ಎಲ್ರೂ ಕೇಳೋದು ಇದನ್ನೇ.'
ಮದುವೆಮನೆಯ ಸೀರಿಯಲ್ ಸೆಟ್ ಹಾಗಿದೆ ಕಣೋ,
ಮಿಣುಕುವುದನ್ನೆಲ್ಲ ಕಿತ್ತರೆ
ಎಷ್ಟಕ್ಕೆ ಕೊಡ್ತೀಯ ಹೇಳು, ಅಂದೆ.

ನನ್ನದು ಸರ್ವೆ ಕೆಲಸ. ಇಪ್ಪತ್ತೊಂಬತ್ತು ವರ್ಷ
ಚೈನು ಎಳೆದು, ಜಿಗಣೆ ಕಿತ್ತು,
ಈಗ ಡ್ರೋನ್ ಹಾರಿಸುತ್ತೇನೆ.
(ಜಿಗಣೆ ಈಗಲೂ ಹತ್ತುತ್ತವೆ.)
ಒಂದು ಬಾಣೆಗೆ ಸಾವಿರದ ಇನ್ನೂರು ಫೋಟೋ,
ಹೊಲಿದು ಒಂದೇ ಗುಡ್ಡ ಮಾಡಬೇಕು.
ಹಳೆಯ ಯಂತ್ರಕ್ಕೆ ಎರಡು ರಾತ್ರಿ ಹಿಡಿಯುತ್ತಿತ್ತು,
ಎಂಬತ್ತಮೂರು ಪರ್ಸೆಂಟಿಗೆ ಕರೆಂಟು ಹೋಗುತ್ತಿತ್ತು,
ಗುಡ್ಡ ಮತ್ತೆ ಸಾವಿರದ ಇನ್ನೂರು ಚೂರು.

ಅದು ಸತ್ತದ್ದು ಜುಲೈಯಲ್ಲಿ. ಬಿಚ್ಚಿದರೆ
ಮದರ್‌ಬೋರ್ಡಿನ ಮೇಲೆ ತೆಳ್ಳಗೆ ಬೂಷ್ಟು,
ಪವರ್ ಸಪ್ಲೈಯೊಳಗೊಂದು ಹಲ್ಲಿ
ಒಣಗಿ, ತಂತಿಯನ್ನು ತಬ್ಬಿಕೊಂಡು,
ತಾನೂ ಒಂದು ಬಿಡಿಭಾಗ ಎಂಬಂತೆ.

ಹಾಗಾಗಿ ಈ ಸಲ ಶುರುಮಾಡಿದ್ದೇ ಅಲ್ಲಿಂದ.
ಪವರ್ ಸಪ್ಲೈಗಳನ್ನು ಅಂಗೈಯಲ್ಲಿ ತೂಗಿದೆ,
ಕಿತ್ತಳೆ ತೂಗುವ ಹಾಗೆ; ಹಗುರಾದದ್ದರಲ್ಲಿ ರಸವಿಲ್ಲ.
ಎಂಟುನೂರೈವತ್ತು ವಾಟ್, ಹತ್ತು ವರ್ಷ ವಾರಂಟಿ.
'ನಿಮ್ಗೆ ಆರುನೂರೈವತ್ತು ಸಾಕು' ಅಂದ, ಪ್ರಾಮಾಣಿಕ.
ಸಾಕಾಗುವುದು ಬೇರೆ, ಸುಸ್ತಾಗದಿರುವುದು ಬೇರೆ.
ಅವನಪ್ಪನ ಜೀಪು ಭಾಗಮಂಡಲದ ಏರನ್ನು
ಅರ್ಧ ದಮ್ಮಿನಲ್ಲೇ ಹತ್ತುತ್ತಿತ್ತು,
ಅದಕ್ಕೇ ಇನ್ನೂ ಓಡುತ್ತಿದೆ.

ಪ್ರೊಸೆಸರು, ತುತ್ತತುದಿಗಿಂತ ಒಂದು ಮೆಟ್ಟಿಲು ಕೆಳಗಿನದು.
ಗ್ರಾಫಿಕ್ಸ್ ಕಾರ್ಡಿನ ಬೆಲೆ ಕೇಳಿ ನೀರು ಕುಡಿದೆ.
'ಗೇಮ್ ಆಡ್ತೀರಾ ಅಕ್ಕ?'
ಇಲ್ಲಪ್ಪ, ಗುಡ್ಡ ಹೊಲಿಯುತ್ತೇನೆ.
ನೀರಿನ ಕೂಲರ್ ಬೇಡ. ನಮ್ಮೂರಲ್ಲಿ
ದುಡ್ಡು ಕೊಟ್ಟು ಮನೆಯೊಳಗೆ ನೀರು ತರುವವರುಂಟೇ!
ದೊಡ್ಡ ಫ್ಯಾನು, ನಿಧಾನ ತಿರುಗುವವು.
ತಗಡಿನ ಡಬ್ಬಿ, ತೊಳೆಯಲು ಬರುವ ಬಲೆ.
ದಿನಕ್ಕೊಮ್ಮೆ ಉರಿಸುತ್ತೇನೆ, ಕೆಲಸವಿರಲಿ ಬಿಡಲಿ,
ಮಳೆಗಾಲದಲ್ಲಿ ಕೋವಿಯ ನಳಿಗೆ ಒರೆಸುವ ಹಾಗೆ.
ಬೆಚ್ಚಗಿರುವುದಕ್ಕೆ ಬೂಷ್ಟು ಬೇಗ ಹತ್ತುವುದಿಲ್ಲ.

ಮೆಮೊರಿಯ ಹತ್ತಿರ ಜಗಳಕ್ಕೆ ಬಿದ್ದೆವು.
ಅವನಲ್ಲಿದ್ದದ್ದು ವೇಗದ್ದು, ಬೆಳಕಿನದು.
ನಾನು ಕೇಳಿದ್ದು ನಿಧಾನದ್ದು, ಬರೀ ಹಸಿರು ಪಟ್ಟಿ,
ಎಲ್ಲೋ ಒಂದು ಸೊನ್ನೆ ತಾನಾಗಿ ಒಂದಾಗಿಬಿಟ್ಟರೆ
ಹಿಡಿದು ತಿದ್ದಿಡುವಂಥದ್ದು.
'ಅದು ಬ್ಯಾಂಕಿನವರಿಗೆ ಅಕ್ಕ.
ಒಂದು ಸೊನ್ನೆಯಿಂದ ನಿಮ್ಗೇನಾಗತ್ತೆ?'

ತೊಂಬತ್ತೆಂಟರಲ್ಲಿ ಒಂದು ನಕ್ಷೆ, ಕೈಯಲ್ಲೇ ಬರೆದದ್ದು.
ಸೀಮೆಎಣ್ಣೆ ದೀಪ, ನಿದ್ದೆಗಣ್ಣು.
ಮೂರನ್ನು ಎಂಟೆಂದು ಓದಿದೆ.
ಐದು ಅಡಿ. ಅದರೊಳಗೆ ಒಂದು ಬೀಟೆಮರ.
ಕೈಮಡದಲ್ಲಿ ಒಟ್ಟಿಗೆ ದೀಪವಿಡುತ್ತಿದ್ದ ಅಣ್ಣತಮ್ಮ
ಮಡಿಕೇರಿ ಕೋರ್ಟಿನ ಬೆಂಚಿನ ಎರಡು ತುದಿಗೆ
ಹನ್ನೊಂದು ವರ್ಷ ಕೂತರು.
ತಪ್ಪು ನನ್ನದೆಂದು ನನಗೆ ತಿಳಿದದ್ದು ಒಂಬತ್ತನೇ ವರ್ಷ.
ಹೇಳಿದ್ದು ಹನ್ನೊಂದನೆಯದರಲ್ಲಿ.

ಇದನ್ನೆಲ್ಲ ರಂಶಾದನಿಗೆ ಹೇಳಲಿಲ್ಲ.
ಬೇಕು ಅಂದೆ, ಅಷ್ಟೇ.
ಮೈಸೂರಿಗೆ ಫೋನು ಮಾಡಿದ. ಎರಡು ವಾರವಂತೆ,
ಬೋರ್ಡೂ ಬೇರೆಯದೇ ಆಗಬೇಕಂತೆ,
ಎಲ್ಲ ಸೇರಿ ಒಂಬತ್ತು ಸಾವಿರ ಜಾಸ್ತಿ.
ಬರೀ, ಅಂದೆ.
ಕಾಗದ ಸಿಗದೆ ಬೇಕರಿಯ ಕವರಿನ ಬೆನ್ನಿಗೆ ಬರೆದ,
ಒಂದೊಂದರ ಮಾದರಿ ಸಂಖ್ಯೆ ಸಹಿತ.
ಅದನ್ನೇ ಕೈಗೆ ಕೊಟ್ಟ, ಒಂದು ಪಫ್ ಇನ್ನೂ ಒಳಗಿತ್ತು.

ಕೆಳಗಿಳಿದೆ. ಮಂಜು ರಸ್ತೆಯ ಆಚೆ ಬದಿಯನ್ನು ನುಂಗಿತ್ತು.
ಪಫ್ ತಿಂದು ಪಟ್ಟಿ ಓದಿಕೊಂಡೆ.
ಮೆಮೊರಿಯ ಸಾಲಿನಲ್ಲಿ ಎಣ್ಣೆ ಹರಡಿ
ಒಂದು ಅಂಕಿ ಮಸುಕಾಗಿತ್ತು,
ಮೂರೋ ಎಂಟೋ.

ಮತ್ತೆ ಮೆಟ್ಟಿಲು ಹತ್ತಿದೆ.